ಹುಟ್ಟದ ಮಕ್ಕಳಿಗೂ ತಟ್ಟೆ ಕೊಟ್ಟ ಟೀಚರ್

ಅನೂಪ್, ಶ್ರಾವ್ಯ, ಚಿನ್ನು, ಕಳೆದ ಭಾನುವಾರ ಮಧ್ಯಾಹ್ನ ನೀವು ಮೂವರೂ ತಟ್ಟೆಗಾಗಿ ಜಗಳವಾಡಿದಿರಿ. ನಿಮ್ಮ ಸ್ಟೀಲಿನ ತಟ್ಟೆಗಳ ಅಂಚಿನಲ್ಲಿ ೧, ೨, ೩ ಎಂದು ಕೊರೆದಿದೆಯಲ್ಲ, ಅದೇ ವಿಷಯ. ಮೂರು ಎಲ್ಲಕ್ಕಿಂತ ದೊಡ್ಡ ಸಂಖ್ಯೆ, ಆದ್ದರಿಂದ ದೊಡ್ಡ ಮೀನು ತನಗೇ ಬರಬೇಕು ಎಂದು ಚಿನ್ನು ಹೇಳಿದಳು. ಒಂದು ಎಂದರೆ ಫಸ್ಟ್ ರ‍್ಯಾಂಕ್ ಎಂದು ಅನೂಪ್ ಹೇಳಿದ. ನಡುವಿನ ಶ್ರಾವ್ಯ ಅಷ್ಟರಲ್ಲಿ ಇಬ್ಬರ ಹಪ್ಪಳವನ್ನೂ ತಿಂದು ಮುಗಿಸಿದಳು. ಆಮೇಲೆ ಅನೂಪ್ ನನ್ನನ್ನು ಕೇಳಿದ, "ಅಜ್ಜಿ, ಈ ನಂಬರ್ ಎಲ್ಲ ಯಾಕೆ?"

"ಟೀಚರ್ ಹಾಕಿಸಿದ್ದು" ಎಂದಷ್ಟೇ ಹೇಳಿ ನಾನು ಪಾತ್ರೆ ತೊಳೆಯಲು ಹೋದೆ. ನಾಲ್ಕು ಜನರ ಎದುರು ಕುಳಿತು ಕತೆ ಹೇಳಲು ನನಗೆ ಬರುವುದಿಲ್ಲ. ಆ ನಾಲ್ವರಲ್ಲಿ ಮೂವರು ನನ್ನ ಮೊಮ್ಮಕ್ಕಳಾದರೂ ಅಷ್ಟೇ. ಬಾಯಿ ತೆರೆದ ಕೂಡಲೇ ಕೆನ್ನೆ ಬಿಸಿಯಾಗುತ್ತದೆ. ಆದರೆ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಗಾಗಿ ಬರೆಯುತ್ತೇನೆ. ಟೀಚರ್ ನಿವೃತ್ತರಾಗಿ ಕಾರ್ಕಳಕ್ಕೆ ಹೋಗಿ ಒಂದು ತಿಂಗಳಾಗುತ್ತ ಬಂತು. ಈಗ ಬರೆಯದಿದ್ದರೆ ಅವರನ್ನು ನೀವು ಬರೀ ಮಗ್ಗಿ ಕೇಳುವ ಹೆಡ್ ಟೀಚರ್ ಎಂದೇ ನೆನಪಿಟ್ಟುಕೊಳ್ಳುತ್ತೀರಿ.

ನೀವು ಅವರನ್ನು ಬೆಂಚಿನಿಂದ ನೋಡಿದವರು. ನಾನು ಅಡುಗೆಕೋಣೆಯ ಕಿಟಕಿಯಿಂದ ನೋಡಿದವಳು. ಕಾಪುವಿನಿಂದ ಹೆಜಮಾಡಿಯ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಕಡಲಿನತ್ತ ಇಳಿದರೆ ಸಿಗುವ ನಮ್ಮ ಕನ್ನಡ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ನಿಮ್ಮ ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಆ ಕೆಲಸಕ್ಕೆ ಸೇರಿದೆ. ಟೀಚರ್ ನನಗಿಂತ ಎರಡು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು. "ಸೌಟು ಯಾರ ಕೈಯಲ್ಲಿ ಉಂಟೋ ಅವರು ಅಕ್ಕ" ಎನ್ನುತ್ತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಓದಿ ಹೇಳುತ್ತಾರೆ, ಅವರು ಫೋನ್ ಮಾಡಿ ನಗುತ್ತಾರೆ. ಆ ನಗು ಫೋನಿನೊಳಗೆ ಹಿಡಿಸುವಂಥದ್ದಲ್ಲ.

ಅವರ ನಗುವಿಗೆ ಆಧಾರ ಬೇಕಾಗುತ್ತಿತ್ತು. ಬಂತೆಂದರೆ ಕಂಬವನ್ನೋ ಕರಿಹಲಗೆಯನ್ನೋ ನನ್ನ ಭುಜವನ್ನೋ ಹಿಡಿದುಕೊಳ್ಳಬೇಕಿತ್ತು. ಒಂದು ಸ್ವಾತಂತ್ರ್ಯ ದಿನ ಧ್ವಜಸ್ತಂಭದ ಪಕ್ಕದಲ್ಲಿ ನಿಂತಿದ್ದಾಗ ನಗು ಬಂತು. ಕೈಗೆ ಸಿಕ್ಕಿದ ಹಗ್ಗವನ್ನು ಹಿಡಿದರು. ಅತಿಥಿಗಳು ಇನ್ನೂ ಕೆಳಗೆ ಭಾಷಣದ ಆರಂಭದಲ್ಲಿದ್ದರು, ಮೇಲೆ ಧ್ವಜ ಬಿಚ್ಚಿಕೊಂಡು ಹೂವೆಲ್ಲ ಅವರ ತಲೆಯ ಮೇಲೆ ಸುರಿಯಿತು. ಅತಿಥಿಗಳಿಗೆ ತುಂಬ ಸಂತೋಷವಾಯಿತು. ಮರುವರ್ಷವೂ ತಮ್ಮನ್ನೇ ಕರೆಯಿರಿ ಎಂದು ಹೇಳಿ ಹೋದರು.

ಟೀಚರ ಹುಟ್ಟೂರು ಬಜಗೋಳಿಯ ಹತ್ತಿರ. ಮನೆಮಾತು ಕೊಂಕಣಿ. ತುಳುವನ್ನೂ ಕೊಂಕಣಿಯ ರಾಗದಲ್ಲೇ ಆಡುತ್ತಿದ್ದರು, ಹಾಗಾಗಿ ಅವರು ಬೈದರೆ ಹಾಡಿದಂತೆ ಕೇಳುತ್ತಿತ್ತು. ಊಟ ಮಾತ್ರ ವಿಪರೀತ ವೇಗ. ನಾನು ಉಪ್ಪಿನಕಾಯಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಕೈ ತೊಳೆಯುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿದೆ, "ಯಾಕೆ ಟೀಚರ್ ಇಷ್ಟು ಅವಸರ?"

"ಮುಚ್ಚಳದ ಅಭ್ಯಾಸ ಅಕ್ಕ" ಎಂದರು.

"ಎಂತ ಮುಚ್ಚಳ?"

"ನನ್ನ ಪಪ್ಪನಿಗೆ ನಾಲ್ಕು ಮಕ್ಕಳು ಸಾಕಿತ್ತಂತೆ. ಮದುವೆಯ ದಿನ ಪಾದ್ರಿಯವರ ಹತ್ತಿರ ಹೇಳಿದ್ದರಂತೆ, ನಾಲ್ಕು ಫಾದರ್, ಅದಕ್ಕಿಂತ ಹೆಚ್ಚು ಬೇಡ ಅಂತ. ನಾನು ಏಳನೆಯವಳು. ನನ್ನ ನಂತರವೂ ಇಬ್ಬರು ಬಂದರು. ಮಮ್ಮಿ ತವರಿನಿಂದ ತಂದ ತಟ್ಟೆ ಆರೇ ಆರು. ನನಗೆ ಗಂಜಿ ಪಾತ್ರೆಯ ಮುಚ್ಚಳ. ಮುಚ್ಚಳಕ್ಕೆ ಅಂಚು ಎಲ್ಲಿ ಉಂಟು? ಗಂಜಿ ಹರಿದು ಹೋಗುವ ಮೊದಲು ತಿನ್ಬೇಕು."

"ನಿಮ್ಮ ನಂತರದವರು?"

"ಅಷ್ಟೊತ್ತಿಗೆ ದೊಡ್ಡಕ್ಕ ಮದುವೆ ಆಗಿ ಹೋದಳು, ಅವಳ ತಟ್ಟೆ ಎಂಟನೆಯವನಿಗೆ. ಇನ್ನೊಬ್ಬಳು ಸಿಸ್ಟರಾಗಿ ಮಠಕ್ಕೆ ಸೇರಿದಳು, ಅವಳದ್ದು ಒಂಬತ್ತನೆಯವಳಿಗೆ. ಮಧ್ಯದಲ್ಲಿ ನಾನೊಬ್ಬಳು ಮುಚ್ಚಳದಲ್ಲೇ ದೊಡ್ಡವಳಾದೆ ಮಾರಾಯ್ತಿ." ಹೀಗೆಂದು ಕಿಟಕಿಯ ಸರಳು ಹಿಡಿದು ನಕ್ಕರು. ಆಮೇಲೆ, "ಪಪ್ಪ ಮಾತಿಗೆ ತಪ್ಪದ ಮನುಷ್ಯ. ಆ ಒಂದು ವಿಷಯದಲ್ಲಿ ತಪ್ಪಿದ್ದರಿಂದ ನಾನು ಇದ್ದೇನೆ" ಎಂದರು.

ಅವರು ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಿಮ್ಮ ಅಮ್ಮ ಪ್ರತಿಮಾಳ ಮದುವೆಯ ಹೊತ್ತಿಗೆ ನಮ್ಮ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗತೊಡಗಿದ್ದರು. ಟೀಚರಿಗೆ ಅದೇ ಚಿಂತೆ. ಮದುವೆಯ ದಿನ ಎಲ್ಲರೂ ವೇದಿಕೆ ಹತ್ತಿ ವಧೂವರರ ಕೈಗೆ ಕವರ್ ಕೊಟ್ಟು ಫೋಟೋಕ್ಕೆ ನಿಲ್ಲುತ್ತಿದ್ದರು. ಇವರು ಮಾತ್ರ ಹೆಗಲಿನ ಚೀಲದಲ್ಲಿ ಟಣಟಣ ಸದ್ದು ಮಾಡುತ್ತ ಹತ್ತಿದರು.

"ಎಷ್ಟು ಬೇಕು? ಈಗಲೇ ಹೇಳಿ" ಎಂದು ಕೇಳಿದರು.

"ಎಂತದ್ದು ಟೀಚರ್?" ಎಂದಳು ಪ್ರತಿಮಾ.

"ಮಕ್ಕಳು. ತಟ್ಟೆ ತಂದಿದ್ದೇನೆ. ಎಷ್ಟು ಮಕ್ಕಳೋ ಅಷ್ಟು ತಟ್ಟೆ."

ಸಭೆಯೆಲ್ಲ ನಕ್ಕಿತು. ಪ್ರತಿಮಾ ತಲೆ ತಗ್ಗಿಸಿದಳು. ನಿಮ್ಮ ಅಪ್ಪ ಪಾಪ ಮಸ್ಕತ್ತಿನಿಂದ ಬಂದು ಒಂದು ವಾರವೂ ಆಗಿರಲಿಲ್ಲ, ಬೆವರುತ್ತ ಎರಡು ಬೆರಳು ತೋರಿಸಿದರು. ಆ ಫೋಟೋ ಆಲ್ಬಮಿನಲ್ಲಿದೆ. ಅಪ್ಪ ಏನೋ ಗೆದ್ದ ಸಂತೋಷದಲ್ಲಿ ಬೆರಳೆತ್ತಿದ್ದಾರೆ ಎಂದು ನೀವು ತಿಳಿದಿದ್ದೀರಿ. ಅದು ಗೆದ್ದದ್ದಲ್ಲ, ಆ ಬೆರಳುಗಳು ಹುಟ್ಟಬೇಕಾಗಿದ್ದ ನೀವು. ಟೀಚರ್ ಚೀಲದಿಂದ ೧ ಮತ್ತು ೨ ಎಂದು ಕೊರೆದ ತಟ್ಟೆಗಳನ್ನು ತೆಗೆದು ಕೊಟ್ಟರು. ಕಾರ್ಕಳದ ಪಾತ್ರೆ ಅಂಗಡಿಯಲ್ಲಿ ಕೊರೆಸಿ ತಂದದ್ದು. ಒಂದು ಷರತ್ತನ್ನೂ ಹಾಕಿದರು: "ಈ ತಟ್ಟೆ ಹಿಡ್ಕೊಂಡು ಮಗು ನಮ್ಮ ಶಾಲೆಗೆ ಊಟಕ್ಕೆ ಬರ್ಬೇಕು. ತಟ್ಟೆ ಕಾಪುವಿನ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಬಾರದು."

ಆ ಮೇಲೆ ಊರಿನ ಯಾವ ಮದುವೆಯಲ್ಲೂ ಇದು ತಪ್ಪಲಿಲ್ಲ. ಚೀಲ ಸದ್ದು ಮಾಡಿದ ಕೂಡಲೇ ಊಟದ ಸಾಲಿನಲ್ಲಿದ್ದವರೂ ಎದ್ದು ವೇದಿಕೆಯ ಹತ್ತಿರ ಬರುತ್ತಿದ್ದರು. ಹೆಜಮಾಡಿಯ ಕಡೆಯ ಮೀನುಗಾರ ಹುಡುಗನೊಬ್ಬ ಮೈಕನ್ನೇ ಕಸಿದುಕೊಂಡು, "ನಾಲ್ಕು ಟೀಚರ್, ಬೋಟಿಗೆ ಜನ ಬೇಕು" ಎಂದು ಘೋಷಿಸಿದ. ನಮ್ಮ ಶಾಲೆಯ ಹಿಂದಿನ ಕ್ರಿಶ್ಚಿಯನ್ನರ ಮನೆಯ ಹುಡುಗಿ ಗಂಡನನ್ನು ಕೇಳದೆಯೇ ಮೂರು ಎಂದಳು. ಮಣಿಪಾಲದಲ್ಲಿ ಇಬ್ಬರೂ ಕೆಲಸದಲ್ಲಿದ್ದ ಒಂದು ಜೋಡಿ ಮಾತ್ರ, "ಬೇಡ ಟೀಚರ್, ನಮಗೆ ಮಕ್ಕಳ ಯೋಚನೆ ಇಲ್ಲ" ಎಂದಿತು. ಟೀಚರ್ ಬೇಸರ ಮಾಡಲಿಲ್ಲ. ಚೀಲದೊಳಗೆ ಕೈ ಹಾಕಿ ತಡಕಾಡಿ ಒಂದು ಚಮಚ ಕೊಟ್ಟರು. "ಇರಲಿ, ಮೊಸರಿಗಾಯ್ತು."

ಅಡುಗೆಕೋಣೆಯಲ್ಲಿ ನಾನು ಸೌತೆಕಾಯಿ ಹೆಚ್ಚುತ್ತಿದ್ದರೆ ಅವರು ಬಾಗಿಲಿಗೆ ಒರಗಿ ಲೆಕ್ಕ ಹೇಳುತ್ತಿದ್ದರು. ಹೆಜಮಾಡಿಯ ನಾಲ್ಕು, ಹಿಂದಿನ ಮನೆಯ ಮೂರು, ಟೈಲರನ ಎರಡು. "ಅಕ್ಕ, ಇನ್ನು ಐದಾರು ವರ್ಷದಲ್ಲಿ ಒಂದನೆಯ ತರಗತಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ. ನಿಮ್ಮ ಸಾಂಬಾರಿನ ಪಾತ್ರೆ ಸಾಲುವುದಿಲ್ಲ." ಹೇಳಿದ್ದಷ್ಟೇ ಅಲ್ಲ, ಹಳೆ ವಿದ್ಯಾರ್ಥಿಯೊಬ್ಬರನ್ನು ಹಿಡಿದು ನಾನು ಒಳಗೆ ಕುಳಿತರೆ ಹೊರಗೆ ಕಾಣದಷ್ಟು ದೊಡ್ಡ ಪಾತ್ರೆಯನ್ನು ತರಿಸಿದರು. ಆ ಪಾತ್ರೆ ಒಲೆ ಹತ್ತಲೇ ಇಲ್ಲ. ಶಾಲೆಯ ಬೆಕ್ಕು ಅದರಲ್ಲಿ ಮರಿ ಹಾಕಿತು. ಒಮ್ಮೆಗೆ ಐದು. "ನೋಡಿ, ಇದಕ್ಕೆ ನಾನು ತಟ್ಟೆಯೇ ಕೊಟ್ಟಿರಲಿಲ್ಲ" ಎಂದರು ಟೀಚರ್.

ಒಂದು ದಿನ ಅವರು ಇದ್ದಕ್ಕಿದ್ದಂತೆ ನನ್ನನ್ನೇ ಕೇಳಿದರು, "ನಿಮಗೆ ಎಷ್ಟು ಬೇಕಿತ್ತು ಅಕ್ಕ?"

ನನ್ನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ನಮ್ಮ ಕಾಲದಲ್ಲಿ ಕೇಳುವ ಪದ್ಧತಿ ಇರಲಿಲ್ಲ. ನಿಮ್ಮ ಅಜ್ಜನೂ ಕೇಳಿದವರಲ್ಲ. ಪ್ರತಿಮಾ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅವರು ಹೋದರು, ಅಲ್ಲಿಗೆ ಆ ವಿಷಯ ಮುಗಿಯಿತು. ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟು ಮೂರು ಬೆರಳು ತೋರಿಸಿದೆ.

ಆಗ ನೀವು ಮೂವರೂ ಹುಟ್ಟಿಯಾಗಿತ್ತು. ಟೀಚರ್ ಅಂಗಳದಲ್ಲಿ ಆಡುತ್ತಿದ್ದ ನಿಮ್ಮನ್ನು ನೋಡಿದರು, ನನ್ನ ಬೆರಳು ನೋಡಿದರು. "ಬಂತಲ್ಲ ಅಕ್ಕ. ಅಂಚೆಯಲ್ಲಿ ಸ್ವಲ್ಪ ತಡವಾಯ್ತು, ಅಷ್ಟೇ" ಎಂದರು. ಅಂದು ನಾನೂ ಅವರ ಭುಜ ಹಿಡಿದು ನಕ್ಕೆ.

ಆದರೆ ಊರಿನಲ್ಲಿ ಬೇರೆಯವರದ್ದು ಹಾಗೆ ಬರಲಿಲ್ಲ. ಹೇಳಿದ್ದು ಸುಳ್ಳು ಎಂದಲ್ಲ. ಹೇಳುವಾಗ ಎಲ್ಲರೂ ನಿಜವನ್ನೇ ಹೇಳಿದ್ದರು. ವರ್ಷ ಕಳೆದ ಹಾಗೆ ಒಂದೊಂದು ಮನೆಯಲ್ಲಿ ಒಂದೊಂದು ಕಾರಣ ಎದ್ದಿತು. ಒಬ್ಬರಿಗೆ ಗಂಡನ ರಜೆ ಎರಡು ವರ್ಷಕ್ಕೊಮ್ಮೆ ಒಂದೇ ತಿಂಗಳು, ಅದರಲ್ಲಿ ಅರ್ಧ ಬ್ಯಾಂಕು ಮತ್ತು ನೆಂಟರ ಮನೆ. ಇನ್ನೊಬ್ಬರಿಗೆ ಮೊದಲು ಮನೆಯ ಸ್ಲ್ಯಾಬ್ ಆಗಬೇಕು. ಮಗುವನ್ನು ನೋಡಿಕೊಳ್ಳಬೇಕಾದ ಅತ್ತೆಗೆ ಮೊಣಕಾಲು ನೋವು. ಟೀಚರ ಅಪ್ಪನ ಕಾಲದಲ್ಲಿ ನಾಲ್ಕು ಎಂದರೆ ಒಂಬತ್ತು ಆಗುತ್ತಿತ್ತು, ಈಗ ಮೂರು ಎಂದರೆ ಒಂದು ಆಗುತ್ತದೆ. "ಎಣಿಸಿದ ಹಾಗೆ ಆಗುವ ಕಾಲ ಯಾವುದು ಅಂತ ಹೇಳಿ ಅಕ್ಕ, ನಾನು ಆ ಕಾಲಕ್ಕೆ ವರ್ಗ ಮಾಡಿಸಿಕೊಳ್ತೇನೆ" ಎನ್ನುತ್ತಿದ್ದರು.

ಹೇಳಿದ್ದಕ್ಕಿಂತ ಹೆಚ್ಚಾದ ಲೆಕ್ಕ ನಮಗೆ ಗೊತ್ತಿದ್ದಂತೆ ಎರಡೇ. ಒಂದು, ಚಮಚದ ಜೋಡಿ. ಅವರಿಗೆ ಅವಳಿ ಮಕ್ಕಳಾದವು. ಮಣಿಪಾಲದಿಂದ ಫೋನ್ ಮಾಡಿ, "ಟೀಚರ್, ಚಮಚ ಸಾಲುವುದಿಲ್ಲ" ಎಂದರು. ಅವರ ಮಕ್ಕಳು ಅಲ್ಲೇ ಶಾಲೆಗೆ ಹೋಗುವವರು, ನಮ್ಮ ಲೆಕ್ಕಕ್ಕೆ ಸಿಗುವಂಥವರಲ್ಲ. ಆದರೂ ಟೀಚರ್ ಬಸ್ಸು ಹತ್ತಿ ಎರಡು ತಟ್ಟೆ ಕೊಟ್ಟು ಬಂದರು.

ಇನ್ನೊಂದು, ಚಿನ್ನು, ನೀನು. ನೀನು ಬರುವೆ ಎಂದು ಯಾರೂ ಎಣಿಸಿರಲಿಲ್ಲ. ಅಪ್ಪನ ಕಂಪೆನಿಯ ಕೆಲಸ ನಿಂತು ಅವರು ಎಂಟು ತಿಂಗಳು ಮನೆಯಲ್ಲೇ ಇದ್ದರು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ನಾಚಿಕೆ. ನೀನು ಹುಟ್ಟಿದಾಗ ಪ್ರತಿಮಾ ಟೀಚರಿಗೆ ಸಂಕೋಚದಿಂದ, "ಎರಡು ಅಂತ ಹೇಳಿದ್ದೆವು" ಎಂದಳು. ಟೀಚರ್ ನಿನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿ, "ಬಾ, ನಮ್ಮ ಮುಚ್ಚಳದ ಪಾರ್ಟಿಯವಳೇ" ಎಂದರು. ಮೂರನೆಯ ತಟ್ಟೆ ತರುವುದು ಮಾತ್ರ ಮದುವೆಮನೆಗಳ ಗಡಿಬಿಡಿಯಲ್ಲಿ ಉಳಿದೇ ಹೋಯಿತು. ಪ್ರತಿಮಾ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ನಿನ್ನನ್ನು ಶಾಲೆಗೇ ಕರೆದುಕೊಂಡು ಹೋಗುತ್ತಿದ್ದೆ. ನೀನು ಅಂಬೆಗಾಲಿಟ್ಟದ್ದು ಅಡುಗೆಕೋಣೆಯಲ್ಲಿ, ಹಲ್ಲು ಬಂದದ್ದು ಅಲ್ಲಿ. ಮಧ್ಯಾಹ್ನ ನಿನಗೆ ಬೇಳೆಯ ಪಾತ್ರೆಯ ಮುಚ್ಚಳದಲ್ಲಿ ಅನ್ನ ಹಾಕುತ್ತಿದ್ದೆ. ಟೀಚರ ಪಾಲಿನ ಹಪ್ಪಳ ಪ್ರತಿದಿನ ಆ ಮುಚ್ಚಳಕ್ಕೆ ಬಂದು ಬೀಳುತ್ತಿತ್ತು.

ಇನ್ನು ಮಾಲತಿಯ ವಿಷಯ ಬರೆಯಬೇಕು. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಜಗಲಿಯ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಾಳಲ್ಲ, ರಿಕ್ಷಾದವರ ಹೆಂಡತಿ, ಅವಳೇ. ಮದುವೆಯ ದಿನ ಅವಳು ಮೆಲ್ಲಗೆ ಮೂರು ಎಂದಿದ್ದಳು. ಟೀಚರ್ ಸಂಜೆ ಹೋಗುವಾಗಲೆಲ್ಲ ದಾರಿಯಿಂದಲೇ, "ಮಾಲತಿ, ತಟ್ಟೆಗೆ ಧೂಳು ಹಿಡಿಯಿತಾ?" ಎಂದು ಕೂಗುತ್ತಿದ್ದರು. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲಾಮೇಲೆ ಟೀಚರ ಕೊಡೆ ದೂರದಲ್ಲಿ ಕಂಡ ಕೂಡಲೇ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗತೊಡಗಿದಳು. ಟೀಚರಿಗೆ ಅದು ತಿಳಿಯಲಿಲ್ಲ. ನಾನೇ ಒಂದು ದಿನ ಹೇಳಿದೆ, "ಅವರು ಮಣಿಪಾಲಕ್ಕೆ ಡಾಕ್ಟರ ಹತ್ತಿರ ಹೋಗಿ ಬರ್ತಾ ಇದ್ದರು ಟೀಚರ್. ತುಂಬ ಸಮಯ ಆಯ್ತು. ಇನ್ನು ಹೋಗುವುದಿಲ್ಲವಂತೆ."

ಟೀಚರ್ ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟರು. ಆ ದಿನವಿಡೀ ಅವರ ನಗು ಕೇಳಲಿಲ್ಲ. ಮಕ್ಕಳು ಬಂದು ನನ್ನನ್ನು ಕೇಳಿದರು, ಟೀಚರಿಗೆ ಜ್ವರವಾ ಎಂದು. ಮುಂದಿನ ಮದುವೆಗೆ ಅವರು ಎಲ್ಲರಂತೆ ಕವರ್ ಹಿಡಿದು ವೇದಿಕೆ ಹತ್ತಿದರು. ಚೀಲ ಸದ್ದು ಮಾಡಲಿಲ್ಲ. ಬಸ್ ಸ್ಟಾಪಿಗೂ ಅವರು ಮತ್ತೆ ಆ ದಾರಿಯಲ್ಲಿ ಹೋಗಲಿಲ್ಲ, ಶಾಲೆಯ ಹಿಂದಿನಿಂದ ಸುತ್ತು ಬಳಸಿ ಹೋಗುತ್ತಿದ್ದರು.

ಈ ವರ್ಷದ ಬೇಸಿಗೆ ರಜೆಗೆ ಮುಂಚೆ ಇಲಾಖೆಯ ಸಾಹೇಬರು ಬಂದರು. ಜೂನಿನಲ್ಲಿ ಒಂದನೆಯ ತರಗತಿಗೆ ಐದು ಮಕ್ಕಳಾದರೂ ಸೇರದಿದ್ದರೆ ನಮ್ಮ ಶಾಲೆಯನ್ನು ಹೆದ್ದಾರಿಯ ಆಚೆಗಿನ ಶಾಲೆಗೆ ಸೇರಿಸಬೇಕಾಗುತ್ತದೆ ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ಅವರಿಗೂ ಬೇಸರವಿತ್ತು. ಹೆದ್ದಾರಿಯನ್ನು ದಾಟುವುದೆಂದರೆ ನನಗೇ ಹೆದರಿಕೆ. ನಮ್ಮ ಪುಟ್ಟ ಮಕ್ಕಳು ದಿನಕ್ಕೆ ಎರಡು ಸಲ ಹೇಗೆ ದಾಟುತ್ತವೆ? ಟೀಚರಿಗೆ ಜೂನ್ ಕೊನೆಗೆ ನಿವೃತ್ತಿ. "ಮುಚ್ಚಿ ಹೋಗುವ ಶಾಲೆಯಿಂದ ನಾನು ನಿವೃತ್ತಳಾಗುವುದಿಲ್ಲ ಅಕ್ಕ. ಬನ್ನಿ, ತಟ್ಟೆ ಹುಡುಕುವ" ಎಂದರು.

ಮೇ ತಿಂಗಳ ಬಿಸಿಲಿನಲ್ಲಿ ನಾವು ಮೂವರು ಹೊರಟೆವು. ಮುಂದೆ ಟೀಚರ ಕೊಡೆ, ಹಿಂದೆ ನಾನು, ನನ್ನ ಸೆರಗು ಹಿಡಿದು ಚಿನ್ನು. ಯಾವ ಮನೆಗೆ ಎಷ್ಟು ತಟ್ಟೆ ಹೋಗಿದೆ ಎಂಬುದು ಟೀಚರಿಗೆ ಬಾಯಿಪಾಠ. ಮನೆ ಹೊಕ್ಕ ಕೂಡಲೇ, "ತಟ್ಟೆ ಎಲ್ಲಿ? ತನ್ನಿ" ಎನ್ನುತ್ತಿದ್ದರು. ಮೀನುಗಾರರ ಮನೆಯಲ್ಲಿ ನಾಲ್ಕು ತಟ್ಟೆಗಳಲ್ಲಿ ಒಂದರ ಮುಂದೆ ಆರು ತುಂಬಿದ ಹುಡುಗಿ ಕುಳಿತು ಮೀನು ಸಾರು ಉಣ್ಣುತ್ತಿದ್ದಳು. ಎರಡನೆಯದರಲ್ಲಿ ಸಿಗಡಿ ಒಣಗುತ್ತಿತ್ತು, ಮೂರನೆಯದು ನೀರಿನ ಹಂಡೆಯ ಮೇಲೆ, ನಾಲ್ಕನೆಯದು ನಾಯಿಯದ್ದು.

"ಎಂತ ಮಾರಾಯ, ಬೋಟಿಗೆ ಜನ ಬೇಕು ಅಂದದ್ದು?" ಎಂದು ಟೀಚರ್ ಕೇಳಿದರು.

"ಇವಳೊಬ್ಬಳೇ ನಾಲ್ಕು ಜನರಷ್ಟು ಗಲಾಟೆ ಟೀಚರ್. ಬೋಟಿಗೆ ಹತ್ತಿದರೆ ವಾಂತಿ ಬೇರೆ" ಎಂದು ಅವನು ತಲೆ ಕೆರೆದುಕೊಂಡ. ಹುಡುಗಿಯನ್ನು ಕಳಿಸುತ್ತೇನೆಂದು ಮಾತು ಕೊಟ್ಟ.

ಶಾಲೆಯ ಹಿಂದಿನ ಮನೆಯಲ್ಲಿ ಎರಡು ತಟ್ಟೆ ಗುಲಾಬಿ ಕುಂಡದ ಕೆಳಗಿದ್ದವು. "ಮೂರು ಮಕ್ಕಳು ಅಂತ ಮೂರು ಕೋಣೆ ಕಟ್ಟಿಸಿದೆವು ಟೀಚರ್" ಎಂದಳು ಆ ಮನೆಯಾಕೆ. "ಮನೆ ಮುಗಿಯುವಾಗ ನಾವೂ ಮುಗಿದೆವು. ಎರಡು ಕೋಣೆಯಲ್ಲಿ ಈಗ ಬಟ್ಟೆ ಒಣಗಿಸುವುದು." ಅವಳ ಒಬ್ಬ ಮಗ ಸಿಕ್ಕಿದ. ಟೈಲರನ ಮನೆಯಲ್ಲಿ ಒಬ್ಬಳು. ಹೂವಿನ ತೋಟದ ಮನೆಯವರು ಮಗನನ್ನು ವ್ಯಾನಿಗೆ ಹತ್ತಿಸುವವರಿದ್ದರು. ಟೀಚರ್ ಅವರ ಮೆಟ್ಟಿಲ ಮೇಲೆ ಕುಳಿತು, ನೀರು ಕುಡಿದರು, ಬೆಲ್ಲ ತಿಂದರು. ಇವರು ಎದ್ದು ಹೋಗುವ ಲಕ್ಷಣವೇ ಇಲ್ಲವೆಂದು ಕಂಡ ಮೇಲೆ ಆ ಮನೆಯವರು ಒಪ್ಪಿದರು.

ನಾಲ್ಕು. ಇನ್ನೆಲ್ಲೂ ಮಗು ಸಿಗಲಿಲ್ಲ. ತಟ್ಟೆ ಇದ್ದ ಮನೆಗಳಲ್ಲಿ ಮಕ್ಕಳು ಇರಲಿಲ್ಲ, ಇಲ್ಲವೇ 'ಬರುವ ವರ್ಷ' ಸೇರುವಷ್ಟು ಚಿಕ್ಕವರಿದ್ದರು. ಮನೆಗೆ ಮರಳುವಾಗ ಕವಲುದಾರಿ ಬಂತು. "ಆ ದಾರಿ ಬೇಡ ಅಕ್ಕ" ಎಂದರು ಟೀಚರ್. ಅಷ್ಟರಲ್ಲಿ ಚಿನ್ನು ನನ್ನ ಸೆರಗು ಬಿಟ್ಟು ಆ ದಾರಿಯಲ್ಲೇ ಓಡಿ ಮಾಲತಿಯ ಅಂಗಳ ಸೇರಿದ್ದಳು. ಕಟ್ಟಿ ಉಳಿದ ಮೊಗ್ಗನ್ನು ಮಾಲತಿ ಅವಳಿಗೆ ಆಡಲು ಕೊಡುತ್ತಿದ್ದಳು.

ನಾನು ಕರೆಯಲು ಹೋದೆ. ಟೀಚರ್ ದಾರಿಯಲ್ಲೇ ಕೊಡೆಯ ಮರೆಯಲ್ಲಿ ನಿಂತರು.

"ಕೊಡೆ ಕಾಣ್ತಾ ಉಂಟು ಟೀಚರ್" ಎಂದಳು ಮಾಲತಿ ಜಗಲಿಯಿಂದ. "ಬನ್ನಿ. ನಾನು ಕಚ್ಚುವುದಿಲ್ಲ."

ಟೀಚರ್ ಬಂದು ಜಗಲಿಯ ತುದಿಯಲ್ಲಿ ಕುಳಿತರು. ಮಾಲತಿ ಪುನರ್ಪುಳಿ ಶರಬತ್ತು ತಂದಳು. ಚಿನ್ನು, ನಿನಗೆ ಆ ದಿನದ್ದು ಆ ಶರಬತ್ತು ಮಾತ್ರ ನೆನಪಿರಬಹುದು, ಮೂರು ಲೋಟ ಕುಡಿದೆ. ಒಳಗೆ ತೊಳೆದು ಬೋರಲು ಹಾಕಿದ್ದ ತಟ್ಟೆಗಳು ಬಾಗಿಲಿನಿಂದ ಕಾಣುತ್ತಿದ್ದವು. ೧, ೨. ಟೀಚರ್ ಅವನ್ನು ನೋಡಿ, "ಮಾಲತಿ, ನಾನು ಆವಾಗ ದಾರಿಯಲ್ಲಿ ನಿಂತು ಹಾಗೆಲ್ಲ..." ಎಂದು ಶುರುಮಾಡಿದರು.

"ಒಂದರಲ್ಲಿ ಅವರು ಉಣ್ಣುವುದು, ಎರಡರಲ್ಲಿ ನಾನು" ಎಂದಳು ಮಾಲತಿ. "ನಮ್ಮ ಮನೆಯಲ್ಲಿ ನಾವೇ ಇಬ್ಬರು ಮಕ್ಕಳು. ದೊಡ್ಡವನಿಗೆ ಹಠ ಜಾಸ್ತಿ, ಪಲ್ಯ ಬಿಡ್ತಾನೆ." ಅವಳು ನೂಲನ್ನು ಹಲ್ಲಿನಲ್ಲಿ ಕಡಿದಳು. "ಸುಮಾರು ಸಮಯ ನಿಮ್ಮ ಮೇಲೆ ಸಿಟ್ಟಿತ್ತು ಟೀಚರ್. ಈಗ ಇಲ್ಲ. ನಿಮ್ಮ ಗಲಾಟೆ ಇಲ್ಲದೆ ಈ ದಾರಿಯಲ್ಲಿ ಬೇಜಾರು. ಅದು ಬಿಡಿ, ಊರೆಲ್ಲ ತಟ್ಟೆ ಹುಡುಕುತ್ತಿದ್ದೀರಂತೆ. ಐದು ಆಯ್ತಾ?"

"ನಾಲ್ಕು" ಎಂದೆ ನಾನು.

"ಮತ್ತೆ ಇದು ಯಾರು?"

ಅವಳು ಬೆರಳು ತೋರಿಸಿದ ಕಡೆಗೆ ಟೀಚರೂ ನಾನೂ ನೋಡಿದೆವು. ಚಿನ್ನು ಮೂಗಿನ ಮೇಲೆ ಒಂದು ಮೊಗ್ಗನ್ನು ನಿಲ್ಲಿಸಲು ಪ್ರಯತ್ನಿಸುತ್ತಿದ್ದಳು.

"ಇದು ಚಿನ್ನು" ಎಂದರು ಟೀಚರ್.

"ಚಿನ್ನುವಿಗೆ ಎಷ್ಟು ವರ್ಷ?"

ಟೀಚರ್ ನನ್ನ ಮುಖ ನೋಡಿದರು. ಸ್ವಂತ ಅಜ್ಜಿಯಾದ ನಾನು ಬೆರಳು ಮಡಚಿ ಎಣಿಸಬೇಕಾಯಿತು. ಏಪ್ರಿಲಿನಲ್ಲಿ ಆರು ತುಂಬಿತ್ತು. ಕಡಲೆಬೇಳೆ ಪಾಯಸವನ್ನು ಮಾಡಿದ್ದು ನಾನೇ.

ಹೇಗೆ ಮರೆತೆವು ಎಂದು ನೀವು ಕೇಳಬಹುದು. ಹಲ್ಲಿಲ್ಲದ ಕಾಲದಿಂದ ಶಾಲೆಯಲ್ಲೇ ಇದ್ದ ಮಗು ಶಾಲೆಗೆ ಸೇರಬೇಕು ಎಂದು ಯಾರಿಗೆ ಹೊಳೆಯುತ್ತದೆ? ಅವಳು ಒಂದನೆಯ ತರಗತಿಯ ಹಿಂದಿನ ಮೂಲೆಯಲ್ಲಿ ಎರಡು ವರ್ಷ ಕುಳಿತಿದ್ದಳು. ಪದ್ಯಗಳೆಲ್ಲ ಬಾಯಿಪಾಠ. ಮನೆಗೆಲಸ ಮಾಡಿಲ್ಲವೆಂದು ಟೀಚರ ಹತ್ತಿರ ಬೈಸಿಕೊಂಡೂ ಆಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಊರೆಲ್ಲ ಸುತ್ತಿ ಎಣಿಸಿದ್ದು ತಟ್ಟೆಗಳನ್ನು. ಚಿನ್ನುವಿಗೆ ತಟ್ಟೆ ಇರಲಿಲ್ಲ.

ಟೀಚರಿಗೆ ನಗು ಬಂತು. ಎಷ್ಟೋ ದಿನಗಳಿಂದ ಕಟ್ಟಿಟ್ಟಿದ್ದ ನಗು. ಹಿಡಿಯಲು ಹತ್ತಿರದಲ್ಲಿ ಕಂಬವಿರಲಿಲ್ಲ, ಮಾಲತಿಯನ್ನೇ ಹಿಡಿದುಕೊಂಡರು. ಮಾಲತಿ ನನ್ನನ್ನು ಹಿಡಿದಳು. ಹೂವಿನ ಬುಟ್ಟಿ ಉರುಳಿ ಮೊಗ್ಗೆಲ್ಲ ಅಂಗಳಕ್ಕೆ ಹೋಯಿತು. ನಾವು ನಗುವುದನ್ನು ನೋಡಿ ಚಿನ್ನುವೂ ನಕ್ಕಳು. ಆಮೇಲೆ ನಾಲ್ವರೂ ನೆಲದಲ್ಲಿ ಕುಳಿತು, ನಗುತ್ತಲೇ ಮೊಗ್ಗು ಹೆಕ್ಕಿದೆವು.

ಹೊರಡುವಾಗ ಮಾಲತಿ ಒಳಗಿನಿಂದ ೩ ಎಂದು ಕೊರೆದ ತಟ್ಟೆಯನ್ನು ತಂದಳು. ಅದು ಅಂಗಡಿಯಿಂದ ತಂದಂತೆಯೇ ಹೊಳೆಯುತ್ತಿತ್ತು. "ಇದನ್ನು ಬೆಕ್ಕಿಗೆ ಇಡ್ಲಿಕ್ಕೂ ನನಗೆ ಮನಸ್ಸು ಬರಲಿಲ್ಲ" ಎಂದು ಚಿನ್ನುವಿನ ಕೈಯಲ್ಲಿಟ್ಟಳು. "ನೀನು ಮೂರನೆಯವಳು ಅಲ್ವಾ? ಸರಿಯಾಯ್ತು. ದಿನಾ ಊಟ ಮಾಡಿ ಸವೆಸು."

ಸಂಜೆ ಪ್ರತಿಮಾಳಿಗೆ ವಿಷಯ ಹೇಳಿದೆವು. ಅವಳು ಮಿಕಿಮಿಕಿ ನೋಡಿ, "ಹೌದಾ? ಅವಳು ಸೇರಿ ಆಗಿಲ್ವಾ?" ಎಂದಳು.

ಶಾಲೆ ಶುರುವಾದ ದಿನ ಒಂದನೆಯ ತರಗತಿಯ ಸಾಲಿನಲ್ಲಿ ಐದು ಮಕ್ಕಳು ಕುಳಿತಿದ್ದರು. ಸಾಹೇಬರು ಬಂದು ಎಣಿಸಿ, ಇನ್ನೊಮ್ಮೆ ಎಣಿಸಿ, ಸಮಾಧಾನದಿಂದ ತಲೆಯಾಡಿಸಿ ಹೋದರು. ಮಾಲತಿ ಕಳಿಸಿದ ಮಲ್ಲಿಗೆ ಐವರ ತಲೆಯಲ್ಲೂ ಇತ್ತು, ಇಬ್ಬರು ಗಂಡುಮಕ್ಕಳ ಕಿವಿಯ ಹಿಂದೆ ನಾನೇ ಸಿಕ್ಕಿಸಿದ್ದೆ. ಬರುವ ವರ್ಷ ಯಾರು ಬರುತ್ತಾರೋ ನನಗೆ ಗೊತ್ತಿಲ್ಲ. ಈ ವರ್ಷ ಶಾಲೆ ಉಳಿಯಿತು.

ಮಧ್ಯಾಹ್ನ ಪಾಯಸ ಬಡಿಸುತ್ತ ಚಿನ್ನುವಿನ ಹತ್ತಿರ ಬಂದಾಗ ನನ್ನ ಕೈ ಅಭ್ಯಾಸದಂತೆ ಬೇಳೆಯ ಪಾತ್ರೆಯ ಮುಚ್ಚಳವನ್ನೇ ಹಿಡಿದಿತ್ತು. "ಅಜ್ಜಿ, ನನಗೆ ತಟ್ಟೆ ಉಂಟು" ಎಂದಳು ಅವಳು ಗತ್ತಿನಿಂದ. ಟೀಚರ್ ಬಂದು ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು, ಸೀರೆ ಒಟ್ಟುಮಾಡಿ ಚಿನ್ನುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಇದಕ್ಕೆ ಹಾಕಿ ಅಕ್ಕ."

"ಟೀಚರ್, ಅದು ಮುಚ್ಚಳ."

"ಗೊತ್ತುಂಟು. ನಾನು ಏಳನೆಯವಳು."

ಹಾಕಿದೆ. ಪಾಯಸ ಒಂದು ಬದಿಗೆ ಹರಿಯತೊಡಗಿತು, ಅವರು ಅವಸರದಿಂದ ಬೆರಳು ಅಡ್ಡ ಇಟ್ಟರು. ಚಿನ್ನು ತನ್ನ ತಟ್ಟೆಯನ್ನು ಬದಿಗಿಟ್ಟು, ದೊಡ್ಡವರು ಚಿಕ್ಕವರಿಗೆ ಹೇಳುವಂತೆ ಹೇಳಿದಳು, "ಹಾಗಲ್ಲ ಟೀಚರ್. ಈ ಕಡೆ ಸ್ವಲ್ಪ ಎತ್ತಿ, ಮೊಣಕಾಲಿನ ಮೇಲೆ ಇಡಬೇಕು. ಆಗ ಹರಿಯುವುದಿಲ್ಲ. ಮೆಲ್ಲ ತಿನ್ನಬಹುದು."

ಟೀಚರ್ ಹಾಗೆಯೇ ಮಾಡಿದರು. ಪಾಯಸ ನಿಂತಿತು. ಅಂದು ಅವರ ಊಟ ಎಲ್ಲರಿಗಿಂತ ಕೊನೆಗೆ ಮುಗಿಯಿತು.